ಅಪ್ಪನಿಗೆ ಸಿಒಪಿಡಿ. ನಡೆಸಬೇಕಾ, ಕೂರಿಸಬೇಕಾ?

ದಾವಣಗೆರೆ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ ಹೇಳಿ.

ಅಪ್ಪನಿಗೆ 67. ಅಕ್ಕಿ ಗಿರಣಿಯಲ್ಲಿ 31 ವರ್ಷ ಕೆಲಸ ಮಾಡಿದವರು. ಬೀಡಿ ಬಿಟ್ಟು ಆರು ವರ್ಷವಾಯಿತು. ಸಿಒಪಿಡಿ, ಅಂದರೆ ಉಸಿರಿನ ಕೊಳವೆ ಕಿರಿದಾಗಿ ದಮ್ಮು ಕಟ್ಟುವ ಶ್ವಾಸಕೋಶದ ಕಾಯಿಲೆ ಅಂತ ಗೊತ್ತಾಗಿ ನಾಲ್ಕು ವರ್ಷ. ಈ ಜನವರಿಯ ಚಳಿಯಲ್ಲಿ ದಮ್ಮು ಜಾಸ್ತಿಯಾಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಕಳಿಸುವಾಗ ಬಾಯಿಂದ ಔಷಧಿ ಎಳೆದುಕೊಳ್ಳುವ ಎರಡು ಪಂಪು (ಇನ್ಹೇಲರ್), ಒಂದಿಷ್ಟು ಮಾತ್ರೆ ಕೊಟ್ಟರು. ಚೀಟಿಯ ಕೊನೆಯಲ್ಲಿ ‘ವಿಶ್ರಾಂತಿ’ ಅಂತ ಬರೆದಿತ್ತು. ಎಷ್ಟು ದಿನ ಅಂತ ಬರೆದಿರಲಿಲ್ಲ. ನಾವೂ ಕೇಳಲಿಲ್ಲ.

ಆ ಒಂದು ಪದವನ್ನು ಮನೆಯವರೆಲ್ಲ ಸೇರಿ ಪಾಲಿಸಿದೆವು. ಕಿಟಕಿ ಪಕ್ಕ ಕುರ್ಚಿ ಹಾಕಿದೆವು. ನೀರು, ಊಟ, ಪೇಪರ್ ಎಲ್ಲ ಕೂತಲ್ಲಿಗೇ ಬರುತ್ತದೆ. ಅವರು ಏಳಲು ಹೋದರೆ ಅಮ್ಮ ಓಡಿ ಬಂದು ಕೂರಿಸುತ್ತಾರೆ. ಈಗ ನಾಲ್ಕು ತಿಂಗಳಾಗಿದೆ. ಬಚ್ಚಲಿಗೆ ಹನ್ನೆರಡು ಹೆಜ್ಜೆ, ನಾನೇ ಎಣಿಸಿದ್ದೇನೆ. ಹೋಗಿ ಬಂದರೆ ಮಂಚದ ಅಂಚಿನಲ್ಲಿ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಬಾಯಿ ತೆರೆದು ಉಸಿರಾಡುತ್ತಾರೆ. ಮಾತಾಡಲು ಐದು ನಿಮಿಷ ಬೇಕು. ಮೊನ್ನೆ ಪಂಚೆ ಮೇಲೆ ಸರಿದಾಗ ಅವರ ತೊಡೆ ನೋಡಿದೆ. ಮೂಟೆ ಹೊತ್ತ ಕಾಲು ಅದು. ಈಗ ನನ್ನ ತೋಳಿನಷ್ಟಿದೆ.

ಹೋದ ವಾರ ಬೇರೆ ಡಾಕ್ಟರಿಗೆ ತೋರಿಸಿದೆವು. ಅವರು ಪಂಪು ಬದಲಿಸಲಿಲ್ಲ. ‘ಪಲ್ಮನರಿ ರಿಹ್ಯಾಬ್ ಮಾಡಿಸಿ, ಇವರಿಗೆ ವ್ಯಾಯಾಮ ಬೇಕು’ ಅಂದರು. ಶ್ವಾಸಕೋಶದ ಕಾಯಿಲೆಯವರಿಗೆ ವ್ಯಾಯಾಮ ಮಾಡಿಸಿ, ಉಸಿರಾಡುವ ರೀತಿ ಕಲಿಸುವ ಚಿಕಿತ್ಸೆಯಂತೆ ಅದು. ಅಮ್ಮನಿಗೆ ಸಿಟ್ಟು ಬಂದಿದೆ. ‘ಉಸಿರಾಡಕ್ಕೇ ಆಗದೋರಿಗೆ ವ್ಯಾಯಾಮವಾ?’ ಅಂತ. ನನಗೂ ಭಯವಿದೆ. ಯಾರಾದರೂ ಮಾಡಿಸಿದ್ದೀರಾ? ಏದುಸಿರು ಬರುವಾಗ ನಡೆಸಿದರೆ ಶ್ವಾಸಕೋಶ ಇನ್ನೂ ಹಾಳಾಗುವುದಿಲ್ಲವಾ?

ಧಾರವಾಡ ಫಿಜಿಯೋ:

ನಾನು ಫಿಜಿಯೋಥೆರಪಿಸ್ಟ್. ಎದೆ ಕಾಯಿಲೆಯವರ ಜೊತೆಗೇ ನನ್ನ ಕೆಲಸ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಸಿಒಪಿಡಿಯಲ್ಲಿ ನಡೆದು ಏದುಸಿರು ಬಂದರೆ ಶ್ವಾಸಕೋಶ ಹಾಳಾಗುವುದಿಲ್ಲ. ಅನುಭವ ಭಯ ಹುಟ್ಟಿಸುವಂಥದ್ದು, ಒಪ್ಪುತ್ತೇನೆ. ಆದರೆ ಏದುಸಿರು ಬೇರೆ, ಅಪಾಯ ಬೇರೆ. ಅಪಾಯದ ಗುರುತುಗಳನ್ನು ಆಮೇಲೆ ಬರೆಯುತ್ತೇನೆ.

ಈ ಕಾಯಿಲೆಯಲ್ಲಿ ಗಾಳಿ ಹೊರಗೆ ಬರುವುದೇ ದೊಡ್ಡ ಕಷ್ಟ. ಕೊಳವೆಗಳು ಕಿರಿದಾಗಿರುತ್ತವೆ. ಅಪ್ಪ ಗಾಬರಿಯಿಂದ ಬೇಗ ಬೇಗ ಉಸಿರಾಡಿದಾಗ ಹಳೆ ಗಾಳಿ ಪೂರ್ತಿ ಹೊರಬೀಳುವ ಮುಂಚೆಯೇ ಹೊಸದು ಒಳಗೆ ನುಗ್ಗುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ. ಎದೆ ಉಬ್ಬಿಕೊಂಡೇ ಇರುತ್ತದೆ, ಉಸಿರು ಎಳೆದರೂ ಸಾಕಾಗುವುದಿಲ್ಲ. ಅದಕ್ಕೇ ನಾವು ಮೊದಲು ಕಲಿಸುವುದು ಉಸಿರು ಬಿಡುವುದನ್ನು. ಮೂಗಿನಿಂದ ಎಳೆದು, ಬಿಸಿ ಕಾಫಿ ಆರಿಸುವಾಗ ಊದುವ ಹಾಗೆ ತುಟಿ ಸೇರಿಸಿ ನಿಧಾನವಾಗಿ ಬಿಡಬೇಕು. ಎಳೆಯಲು ಎರಡು ಎಣಿಕೆಯಾದರೆ ಬಿಡಲು ನಾಲ್ಕು.

ಇನ್ನು ಕಾಲು. ನೀವು ತೊಡೆ ನೋಡಿದಿರಲ್ಲ, ಅರ್ಧ ಕಾಯಿಲೆ ಈಗ ಅಲ್ಲಿದೆ. ಬಳಸದ ಸ್ನಾಯು ಆಮ್ಲಜನಕವನ್ನು ಸರಿಯಾಗಿ ಬಳಸಲಾರದು. ಅದೇ ಹನ್ನೆರಡು ಹೆಜ್ಜೆಗೆ ಬೇಗ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಅದನ್ನು ಸರಿದೂಗಿಸಲು ದೇಹ ಇನ್ನೂ ಜಾಸ್ತಿ ಉಸಿರು ಕೇಳುತ್ತದೆ. ಏದುಸಿರಿಗೆ ಹೆದರಿ ಕೂರುತ್ತಾರೆ, ಕೂತಿದ್ದಕ್ಕೆ ಕಾಲು ಸೊರಗುತ್ತದೆ, ಕಾಲು ಸೊರಗಿದ್ದಕ್ಕೆ ಏದುಸಿರು ಇನ್ನೂ ಬೇಗ ಬರುತ್ತದೆ. ನಿಮ್ಮಪ್ಪ ನಾಲ್ಕು ತಿಂಗಳಲ್ಲಿ ಈ ಸುತ್ತಿಗೆ ಸಿಕ್ಕಿದ್ದಾರೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ವ್ಯಾಯಾಮದಿಂದ ಶ್ವಾಸಕೋಶ ರಿಪೇರಿಯಾಗುವುದಿಲ್ಲ. ಊದುವ ಪರೀಕ್ಷೆಯ ಅಂಕಿ ಎಂಟು ವಾರದ ನಂತರವೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬದಲಾಗುವುದು ಕಾಲು, ಉಸಿರಾಡುವ ರೀತಿ, ಧೈರ್ಯ. 2015ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 65 ಅಧ್ಯಯನಗಳನ್ನು, 3,800ಕ್ಕೂ ಹೆಚ್ಚು ರೋಗಿಗಳ ವಿವರವನ್ನು ಒಟ್ಟಿಗೆ ನೋಡಿದರು. ಏದುಸಿರು ಕಡಿಮೆ, ನಡಿಗೆ ಜಾಸ್ತಿ, ಬದುಕು ಹಗುರ ಅನ್ನುವುದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಇದು ಕೆಲಸ ಮಾಡುತ್ತದಾ ಅಂತ ಕೇಳುವ ಅಧ್ಯಯನ ಇನ್ನು ಬೇಡ ಅಂದುಬಿಟ್ಟರು. ಆದರೂ ನಮ್ಮಲ್ಲಿ ಚೀಟಿಯಲ್ಲಿ ‘ವಿಶ್ರಾಂತಿ’ ಅಂತಲೇ ಬರುತ್ತದೆ. ನನಗೆ ನಿಜವಾಗಿ ನೋವಾಗುವುದು ಇಲ್ಲಿ.

ಮೆಟ್ಟಿಲು ಎಣಿಸಿದವ (ಮೈಸೂರು):

ತಾಯಿ, ನಾನು ನಿಮ್ಮಪ್ಪನ ಕುರ್ಚಿಯಲ್ಲಿ ಕೂತವನೇ. ನನಗೆ 71. ಒಂದು ಕಾಲದಲ್ಲಿ ಪ್ರತಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಿದ್ದೆ. ಆಮೇಲೆ ಗೇಟಿಗೆ ಹೋಗಿ ಹಾಲಿನ ಪ್ಯಾಕೆಟ್ ತರಲಾಗದ ಸ್ಥಿತಿಗೆ ಬಂದೆ. ಹೆಂಡತಿ ಗೇಟಿಗೆ ಒಂದು ಚೀಲ ಕಟ್ಟಿದಳು, ಹಾಲಿನವನು ಅದರಲ್ಲಿ ಹಾಕಿ ಹೋಗಲಿ ಅಂತ. ಆ ಚೀಲ ನೋಡಿದಾಗಲೆಲ್ಲ ಮನಸ್ಸಿಗೆ ಏನೋ ಆಗುತ್ತಿತ್ತು.

ರಿಹ್ಯಾಬ್‌ನ ಮೊದಲ ದಿನ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿದರು. ಆಸ್ಪತ್ರೆಯ ಓಣಿಯಲ್ಲಿ 30 ಮೀಟರ್ ಅಳೆದು ಎರಡು ತುದಿಗೂ ಕೆಂಪು ಕೋನು ಇಟ್ಟಿದ್ದರು. ಬೆರಳಿಗೆ ಆಕ್ಸಿಮೀಟರ್, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ ಮೆಷಿನ್. ಒಬ್ಬ ಹುಡುಗಿ ಗಡಿಯಾರ ಹಿಡಿದು ನಿಂತಿದ್ದಳು. ‘ಓಡಬೇಡಿ, ನಿಮಗೆ ಆದಷ್ಟು ನಡೆಯಿರಿ, ನಿಲ್ಲಬೇಕೆನಿಸಿದರೆ ನಿಲ್ಲಿ, ಗಡಿಯಾರ ಮಾತ್ರ ನಿಲ್ಲಲ್ಲ’ ಅಂದಳು. ಎರಡನೇ ಸುತ್ತಿಗೇ ಗೋಡೆ ಹಿಡಿದೆ. ಆರು ನಿಮಿಷದಲ್ಲಿ ಎರಡು ಸಲ ನಿಂತು, ಒಟ್ಟು 210 ಮೀಟರ್. ಆಮೇಲೆ ಒಂದು ಕಾಗದ ತೋರಿಸಿದರು. ಸೊನ್ನೆಯಿಂದ ಹತ್ತರವರೆಗೆ ಅಂಕಿ. ಸೊನ್ನೆ ಅಂದರೆ ಏನೂ ದಮ್ಮಿಲ್ಲ, ಹತ್ತು ಅಂದರೆ ತಡೆಯಲಾರದಷ್ಟು. ನಾನು ಏಳು ಅಂದೆ. ‘ಇಲ್ಲಿ ನಿಮ್ಮನ್ನು ನಾಲ್ಕರಲ್ಲಿ ಇಟ್ಟು ನಡೆಸುತ್ತೇವೆ’ ಅಂದರು.

ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ದಮ್ಮು ಬರಲೇಬಾರದು ಅಂತಲ್ಲ. ನಾಲ್ಕಕ್ಕೆ ಬರಲಿ, ಏಳಕ್ಕೆ ಹೋಗದಿರಲಿ. ಆವತ್ತಿನವರೆಗೆ ನನಗೆ ಎರಡೇ ಗೊತ್ತಿತ್ತು, ಕೂತಿರುವುದು ಮತ್ತು ಸಾಯುವ ಹಾಗಾಗುವುದು. ಮಧ್ಯದಲ್ಲಿ ಅಂಕಿಗಳಿವೆ ಅಂತ ಯಾರೂ ಹೇಳಿರಲಿಲ್ಲ.

ವಾರಕ್ಕೆ ಮೂರು ದಿನ, ಎಂಟು ವಾರ ಹೋದೆ. ಕೊನೆಯ ದಿನ ಅದೇ ಓಣಿಯಲ್ಲಿ 285 ಮೀಟರ್, ನಿಲ್ಲದೆ. ಗೇಟಿನ ಚೀಲವನ್ನು ನಾನೇ ಬಿಚ್ಚಿದೆ.

ತುಮಕೂರಿನಿಂದ:

ಎಲ್ಲರೂ ಒಳ್ಳೆಯದೇ ಹೇಳುತ್ತಿದ್ದೀರಿ. ನನ್ನದು ಬೇರೆ ಅನುಭವ, ಹೇಳಲೇಬೇಕು ಅನಿಸಿತು. ನಮ್ಮ ಚಿಕ್ಕಪ್ಪನಿಗೂ ಶ್ವಾಸಕೋಶದ ಕಾಯಿಲೆ. ಯಾರೋ ವಾಕಿಂಗ್ ಮಾಡಿ ಅಂದರು ಅಂತ ಪಾರ್ಕಿಗೆ ಹೋದರು. ಎರಡನೇ ಸುತ್ತಿನಲ್ಲಿ ಕಣ್ಣು ಕತ್ತಲೆ ಬಂದು ಬೆಂಚಿನ ಪಕ್ಕ ಕುಸಿದರು. ಮನೆಗೆ ತಂದು ಬೆರಳಿಗೆ ಮೆಷಿನ್ ಹಾಕಿದರೆ 79. ಕೂತಾಗ ಯಾವಾಗಲೂ 95 ತೋರಿಸುತ್ತಿತ್ತು. ಆಸ್ಪತ್ರೆಯಲ್ಲಿ ಕೂರಿಸಿಯೇ ನೋಡಿ ‘ಆಕ್ಸಿಜನ್ ಚೆನ್ನಾಗಿದೆ’ ಅಂದಿದ್ದರು, ನಡೆಸಿ ನೋಡಿರಲಿಲ್ಲ. ಸುಮ್ನೆ ನಡೆಯಿರಿ ಅಂತ ಹೇಳುವುದು ಸುಲಭ ಅಲ್ವಾ? ಆವತ್ತಿನಿಂದ ಅವರು ಅಂಗಳಕ್ಕೂ ಇಳಿದಿಲ್ಲ.

ಧಾರವಾಡ ಫಿಜಿಯೋ:

ನೀವು ಬರೆದಿದ್ದು ಬಹಳ ಒಳ್ಳೆಯದಾಯಿತು. ಚಿಕ್ಕಪ್ಪನಿಗೆ ಯಾವ ಕಾಯಿಲೆ ಅಂತ ಹೆಸರು ಬರೆದಿದೆಯಾ, ಒಮ್ಮೆ ನೋಡಿ.

ತುಮಕೂರಿನಿಂದ:

ಐಎಲ್‌ಡಿ ಅಂತ ಬರೆದಿದೆ. ಶ್ವಾಸಕೋಶ ಗಟ್ಟಿಯಾಗುತ್ತಿದೆ ಅಂದಿದ್ದರು.

ಧಾರವಾಡ ಫಿಜಿಯೋ:

ಅಂದುಕೊಂಡಿದ್ದೆ. ಐಎಲ್‌ಡಿ ಇರುವವರಲ್ಲಿ ಕೂತಾಗ ಚೆನ್ನಾಗಿರುವ ಆಮ್ಲಜನಕ ನಡೆದ ಕೂಡಲೇ ಸರ್ರನೆ ಇಳಿಯಬಹುದು. ಅದಕ್ಕೇ ನಡೆಸಿ ನೋಡದೆ ವ್ಯಾಯಾಮ ಬರೆದುಕೊಡಬಾರದು. ಅವರಿಗೂ ರಿಹ್ಯಾಬ್ ಉಪಯೋಗವಿದೆ, ಆದರೆ ಬಹಳ ಜನಕ್ಕೆ ನಡೆಯುವಾಗ ಆಕ್ಸಿಜನ್ ಬೇಕಾಗುತ್ತದೆ, ವೇಗ ಕಡಿಮೆ ಇರಬೇಕು, ಪಕ್ಕದಲ್ಲಿ ತಿಳಿದವರಿರಬೇಕು. ಚಿಕ್ಕಪ್ಪನನ್ನು ಹಾಗೇ ಬಿಡಬೇಡಿ. ಎದೆ ರೋಗದ ವೈದ್ಯರ ಹತ್ತಿರ ಕರೆದೊಯ್ದು ‘ಇವರನ್ನು ನಡೆಸಿ ನೋಡಿ’ ಅಂತ ಆ ಮಾತಿನಲ್ಲೇ ಕೇಳಿ.

ಎಲ್ಲರಿಗೂ ಹೇಳುತ್ತಿದ್ದೇನೆ. ಶುರು ಮಾಡುವ ಮುಂಚೆ ವೈದ್ಯರು ಹೃದಯವನ್ನೂ ನೋಡಿರಬೇಕು. ಸಿಒಪಿಡಿ ಇರುವವರಲ್ಲಿ ಹೃದ್ರೋಗ ಕೂಡ ಸಾಮಾನ್ಯ, ಬೀಡಿ ಎರಡಕ್ಕೂ ಕಾರಣ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕೂತಾಗಲೇ ಎದೆನೋವು ಬರುತ್ತಿದ್ದರೆ ಈಗ ಬೇಡ. ನಡೆಯುವಾಗ ಆಕ್ಸಿಮೀಟರ್ 88ಕ್ಕಿಂತ ಕೆಳಗಿಳಿದರೆ ನಿಲ್ಲಿ, ಪದೇ ಪದೇ ಹಾಗಾದರೆ ವೈದ್ಯರಿಗೆ ತಿಳಿಸಿ. ಬೆರಳು ತಣ್ಣಗಿದ್ದರೆ ಮೆಷಿನ್ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ನೋಡಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ತುಟಿ ನೀಲಿಯಾದರೆ, ಎದೆಬಡಿತ ತಪ್ಪಿದಂತಾದರೆ ಅಲ್ಲೇ ಕೂತುಬಿಡಿ. ಎದೆನೋವು ಕೂತ ಮೇಲೂ ಇಳಿಯದಿದ್ದರೆ ಮನೆಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ. ಬರೀ ಏದುಸಿರಾದರೆ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ.

ಉಸಿರು ತೆರೆಯುವ ಪಂಪು ಕೊಟ್ಟಿದ್ದರೆ, ವ್ಯಾಯಾಮಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ತೆಗೆದುಕೊಳ್ಳಬೇಕಾ ಅಂತ ನಿಮ್ಮ ವೈದ್ಯರನ್ನು ಕೇಳಿ. ಬಹಳ ಜನಕ್ಕೆ ಇದರಿಂದ ತುಂಬಾ ವ್ಯತ್ಯಾಸವಾಗುತ್ತದೆ. ಪಂಪು ಎಳೆಯುವ ರೀತಿಯನ್ನೂ ಒಮ್ಮೆ ಅವರ ಎದುರೇ ಮಾಡಿ ತೋರಿಸಿ. ಔಷಧಿ ನಾಲಿಗೆ ಮೇಲೇ ಉಳಿದುಹೋಗುವ ರೋಗಿಗಳನ್ನು ನಾನು ದಿನಾ ನೋಡುತ್ತೇನೆ.

ಗಣಿ ಊರಿನ ಮಗ:

ನಮ್ಮಪ್ಪ ಕೆಜಿಎಫ್‌ನಲ್ಲಿ ಭೂಮಿಯೊಳಗೆ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿತು. ಕಲ್ಲಿನ ಧೂಳು ಮಾತ್ರ ಅವರ ಎದೆಯಲ್ಲಿ ಉಳಿಯಿತು. ಸಿಲಿಕೋಸಿಸ್, ಜೊತೆಗೆ ಹಳೆಯ ಟಿಬಿಯ ಗಾಯ. ನಮ್ಮ ಕಡೆ ರಿಹ್ಯಾಬ್ ಸೆಂಟರ್ ಇಲ್ಲ. ಬೆಂಗಳೂರಿಗೆ ವಾರಕ್ಕೆ ಮೂರು ಸಲ ಕರೆದೊಯ್ದರೆ ರೈಲಿನಲ್ಲೇ ಸುಸ್ತಾಗಿಬಿಡುತ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ಏನು ಮಾಡಬೇಕು ಅಂತ ಬರೆಸಿಕೊಂಡು ಬಂದು ಮನೆಯಲ್ಲೇ ಶುರು ಮಾಡಿದೆವು.

ನಮ್ಮ ಜಿಮ್ ಅಂದರೆ ಒಂದು ಕೈಯಿಲ್ಲದ ಮರದ ಕುರ್ಚಿ, ಎರಡು ಅರ್ಧ ಲೀಟರ್ ನೀರಿನ ಬಾಟಲಿ, ಮತ್ತೆ ಬೀದಿಯ ಲೈಟ್ ಕಂಬಗಳು.

ಕುರ್ಚಿಯನ್ನು ಜಾರದ ಹಾಗೆ ಗೋಡೆಗೆ ಒತ್ತಿ ಇಡುತ್ತೇವೆ. ಅಪ್ಪ ಎದೆ ಮೇಲೆ ಕೈಕಟ್ಟಿ ಕೂರುತ್ತಾರೆ. ಏಳುವಾಗ ‘ಫೂ’ ಅಂತ ಊದುತ್ತಾ ಏಳಬೇಕು, ನಿಂತು ಉಸಿರು ಎಳೆದುಕೊಳ್ಳಬೇಕು, ಮತ್ತೆ ಊದುತ್ತಾ ಕೂರಬೇಕು. ಮೊದಲ ದಿನ ನಾಲ್ಕು ಸಲ ಎದ್ದರು, ಐದನೆಯದಕ್ಕೆ ತೊಡೆ ನಡುಗಿ ಕೂತರು. ‘ದಮ್ಮಾ?’ ಅಂತ ಕೇಳಿದೆ. ‘ಇಲ್ಲ ಕಣೋ, ಕಾಲು’ ಅಂದರು. ಫಿಜಿಯೋ ಅವರು ಮೇಲೆ ಬರೆದಿದ್ದು ನನಗೆ ಅರ್ಥವಾಗಿದ್ದು ಆ ದಿನ. ಈಗ ಹತ್ತರ ಮೂರು ಸರದಿ ಮಾಡುತ್ತಾರೆ.

ಲೈಟ್ ಕಂಬ ಹೀಗೆ: ಒಂದು ಕಂಬದಿಂದ ಇನ್ನೊಂದಕ್ಕೆ ನಡೆಯುವುದು, ಕಂಬ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿ ನಿಂತು ಉಸಿರು ಇಳಿಸಿಕೊಳ್ಳುವುದು, ಮತ್ತೆ ನಡೆಯುವುದು. ಒಂದೇ ಸಮನೆ ಇಪ್ಪತ್ತು ನಿಮಿಷ ಆಗದಿದ್ದರೆ ಎರಡು ಎರಡು ನಿಮಿಷದ ಹತ್ತು ತುಂಡು ಮಾಡಿ ಅಂದಿದ್ದರು. ಮೊದಲ ವಾರ ಮೂರು ಕಂಬ. ಕ್ಯಾಲೆಂಡರ್ ಮೇಲೆ ದಿನಾ ಬರೆಯುತ್ತೇನೆ. ಅಪ್ಪ ಓದಿದವರಲ್ಲ, ಆದರೆ ಆ ಅಂಕಿ ಹೋದ ವಾರಕ್ಕಿಂತ ಜಾಸ್ತಿಯಾ ಅಂತ ರಾತ್ರಿ ಕೇಳಿಯೇ ಮಲಗುತ್ತಾರೆ.

ಒಲೆ ಊದಿದವಳ ಮಗಳು (ತೀರ್ಥಹಳ್ಳಿ ಕಡೆ):

ಈ ಕಾಯಿಲೆ ಬೀಡಿ ಸೇದುವ ಗಂಡಸರದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮಮ್ಮ ಬೀಡಿ ಮುಟ್ಟಿದವರಲ್ಲ. 40 ವರ್ಷ ಸೌದೆ ಒಲೆ ಊದಿದ್ದಾರೆ. ಮಳೆಗಾಲದಲ್ಲಿ ಒದ್ದೆ ಸೌದೆ, ಮುಚ್ಚಿದ ಅಡುಗೆಮನೆ, ಮೇಲಿಂದ ಬಚ್ಚಲ ಒಲೆಯ ಹೊಗೆ. ಗ್ಯಾಸ್ ಬಂದಾಗ ಅಮ್ಮನಿಗೆ 58. ಎಷ್ಟೋ ವರ್ಷ ‘ವಯಸ್ಸಾಯ್ತು, ಸುಸ್ತು’ ಅಂತಲೇ ಕಳೆದುಹೋಯಿತು.

ಹೆಂಗಸರ ಬಗ್ಗೆ ಒಂದು ವಿಷಯ ಹೇಳುತ್ತೇನೆ, ಇದನ್ನು ಯಾರೂ ಬರೆಯುವುದಿಲ್ಲ. ಅಮ್ಮನಿಗೆ ನಡೆಯುವುದಕ್ಕಿಂತ ಕಷ್ಟವಾಗುತ್ತಿದ್ದುದು ಕೈ ಮೇಲೆತ್ತುವುದು. ಬಟ್ಟೆ ಒಣಹಾಕುವಾಗ, ಜಡೆ ಹಾಕುವಾಗ, ಅಟ್ಟದಿಂದ ಡಬ್ಬಿ ತೆಗೆಯುವಾಗ ದಮ್ಮು ಕಟ್ಟುತ್ತಿತ್ತು. ಇಷ್ಟು ಹಗುರ ಕೆಲಸಕ್ಕೆ ಯಾಕೆ ಹೀಗೆ ಅಂತ ಮನೆಯವರಿಗೆ ಅರ್ಥವೇ ಆಗುತ್ತಿರಲಿಲ್ಲ. ಕೆಲವರು ನಾಟಕ ಅಂದದ್ದೂ ಇದೆ. ಫಿಜಿಯೋ ವಿವರಿಸಿದರು. ಇವರಿಗೆ ಕುತ್ತಿಗೆ, ಭುಜದ ಸ್ನಾಯುಗಳೇ ಉಸಿರಾಟಕ್ಕೆ ಆಸರೆ. ಕೈ ಎತ್ತಿದರೆ ಆ ಸ್ನಾಯು ಕೈಗೆ ಕೆಲಸ ಮಾಡಬೇಕಾ, ಉಸಿರಿಗೆ ಕೆಲಸ ಮಾಡಬೇಕಾ? ಅದನ್ನು ಕೇಳುವಾಗ ಅಮ್ಮ ಅತ್ತುಬಿಟ್ಟರು. ತಾವು ಸುಳ್ಳು ಹೇಳುತ್ತಿರಲಿಲ್ಲ ಅಂತ ಒಬ್ಬರಾದರೂ ಹೇಳಿದರಲ್ಲ.

ಈಗ ಬಟ್ಟೆ ತಂತಿಯನ್ನು ಎದೆ ಮಟ್ಟಕ್ಕೆ ಇಳಿಸಿದ್ದೇವೆ. ಜೊತೆಗೆ ಕೈಗೂ ವ್ಯಾಯಾಮ. ಮೊದಲ ತಿಂಗಳು ಏನೂ ಹಿಡಿಯದೆ ಬರೀ ಕೈ, ಆಮೇಲೆ ಒಂದೊಂದು ಸಣ್ಣ ತೆಂಗಿನಕಾಯಿ ಹಿಡಿದು ಭುಜದ ಮಟ್ಟಕ್ಕೆ. ಎತ್ತುವಾಗ ಊದುವುದು, ಇಳಿಸುವಾಗ ಎಳೆಯುವುದು. ರಸ್ತೆಯಲ್ಲಿ ವಾಕಿಂಗ್ ಮಾಡಲು ಅವರಿಗೆ ಸಂಕೋಚ, ಎಲ್ಲರೂ ಎಲ್ಲಿಗೆ ಅಂತ ಕೇಳುತ್ತಾರೆ. ಅಡಿಕೆ ಒಣಗಿಸುವ ಅಂಗಳದಲ್ಲೇ ಸುತ್ತು ಹಾಕುತ್ತಾರೆ. ಕೊಯ್ಲಿನ ಕಾಲದಲ್ಲಿ ಅಂಗಳ ಖಾಲಿ ಇರುವುದಿಲ್ಲ, ಆಗ ಜಗುಲಿ ಉದ್ದಕ್ಕೂ.

ಲೆಸ್ಟರ್‌ನ ಕನ್ನಡತಿ:

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್, ಊರು ಹಾಸನ. ಇಲ್ಲಿ ಎಂಟು ಹತ್ತು ಜನರ ಗುಂಪು ಮಾಡಿ ವಾರಕ್ಕೆರಡು ದಿನ, ಆರರಿಂದ ಎಂಟು ವಾರ ಮಾಡಿಸುತ್ತಾರೆ. ಮಿಕ್ಕ ದಿನ ಮನೆಯಲ್ಲಿ. ಎಲ್ಲರಿಗೂ ಒಂದೇ ಕಾಯಿಲೆ ಇರುವುದರಿಂದ ಯಾರೂ ಕೆಮ್ಮಿಗೆ, ಕಫಕ್ಕೆ ನಾಚಿಕೊಳ್ಳುವುದಿಲ್ಲ. ಅದೇ ಅರ್ಧ ಔಷಧಿ ಅಂತ ನನಗನಿಸುತ್ತದೆ.

ವಿಶ್ರಾಂತಿ ಕೊಡಬೇಕು ಅನ್ನುವುದು ನಮ್ಮ ದೇಶದವರದ್ದು ಮಾತ್ರ ಅಲ್ಲ. ಒಂದು ಕಾಲಕ್ಕೆ ಎಲ್ಲ ಕಡೆಯೂ ಈ ರೋಗಿಗಳನ್ನು ಕೂರಿಸಿಯೇ ಇಡುತ್ತಿದ್ದರು. 1952ರಲ್ಲಿ ಅಮೆರಿಕದ ಆಲ್ವನ್ ಬರಾಕ್ ಎಂಬ ವೈದ್ಯರು ಇವರಿಗೆ ವ್ಯಾಯಾಮ ಕೊಡಬೇಕು ಅಂತ ಬರೆದರು. ಆಗ ಹೆಚ್ಚಿನವರು ಒಪ್ಪಲಿಲ್ಲ. 1960ರ ದಶಕದಲ್ಲಿ ಡೆನ್ವರ್‌ನ ಥಾಮಸ್ ಪೆಟ್ಟಿ ಮಾಡಿ ತೋರಿಸಿದ ಮೇಲೆ ನಿಧಾನವಾಗಿ ಹಬ್ಬಿತು.

ಆದರೆ ಇವತ್ತಿಗೂ ಶ್ರೀಮಂತ ದೇಶಗಳಲ್ಲೇ ಇದು ತಲುಪಿಲ್ಲ. ಅಮೆರಿಕದಲ್ಲಿ ಸಿಒಪಿಡಿಯಿಂದ ಆಸ್ಪತ್ರೆ ಸೇರಿದ್ದ ಸುಮಾರು 1,97,000 ವಯಸ್ಸಾದವರ ದಾಖಲೆ ನೋಡಿ 2020ರಲ್ಲಿ ಒಂದು ಅಧ್ಯಯನ ಬಂತು. ಮನೆಗೆ ಹೋಗಿ 90 ದಿನದೊಳಗೆ ರಿಹ್ಯಾಬ್ ಶುರು ಮಾಡಿದವರು ಶೇ. 1.5 ಮಾತ್ರ. ಹಾಗೆ ಶುರು ಮಾಡಿದವರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರ ಪ್ರಮಾಣ ಕಡಿಮೆ ಇತ್ತು. ದಾವಣಗೆರೆಯ ತಂಗಿ, ನಿಮ್ಮಪ್ಪನಿಗೆ ಈಗಾಗಲೇ ನಾಲ್ಕು ತಿಂಗಳಾಗಿದೆ. ತಡವಾಯಿತು ಅಂತ ಬೇಸರ ಬೇಡ, ಇದು ಯಾವಾಗ ಶುರು ಮಾಡಿದರೂ ಕೆಲಸ ಮಾಡುತ್ತದೆ. ಇನ್ನೊಂದು ವಾರ ಮಾತ್ರ ಕಳೆಯಬೇಡಿ.

ನಮ್ಮ ಲೆಸ್ಟರ್ ವಿಶ್ವವಿದ್ಯಾಲಯದವರೇ ಪುಣೆ, ದೆಹಲಿ, ಶ್ರೀಲಂಕಾ, ಉಗಾಂಡ, ಕಿರ್ಗಿಸ್ತಾನದ ವೈದ್ಯರ ಜೊತೆ ಸೇರಿ, ದುಬಾರಿ ಯಂತ್ರವಿಲ್ಲದ ಕಡೆ ಇದನ್ನು ಹೇಗೆ ಮಾಡುವುದು ಅಂತ ‘ರೀಚಾರ್ಜ್’ ಹೆಸರಿನಲ್ಲಿ ಕೆಲಸ ಮಾಡಿದ್ದಾರೆ. ಗಣಿ ಊರಿನ ತಮ್ಮ ಹೇಳಿದ ಕುರ್ಚಿ, ಬಾಟಲಿ, ಲೈಟ್ ಕಂಬ ಇದೆಯಲ್ಲ, ಅದು ಬಡವರ ಬದಲಿ ವ್ಯವಸ್ಥೆ ಅಂತ ಯಾರೂ ತಿಳಿಯಬೇಡಿ. ನಾವು ಇಲ್ಲಿ ಮಾಡಿಸುವುದೂ ಹೆಚ್ಚುಕಡಿಮೆ ಅದೇ.

ಯೋಗ ಕಲಿಯುವವ:

ನಡಿಗೆ ಬದಲು ಪ್ರಾಣಾಯಾಮ ಸಾಕಾಗಲ್ವಾ? ಟಿವಿಯಲ್ಲಿ ಕಪಾಲಭಾತಿ ಮಾಡಿದರೆ ಶ್ವಾಸಕೋಶ ಶುದ್ಧವಾಗುತ್ತದೆ ಅಂತಾರೆ. ನಮ್ಮ ಮಾವನಿಗೆ ಮಾಡಿಸೋಣ ಅಂತಿದ್ದೇನೆ.

ಧಾರವಾಡ ಫಿಜಿಯೋ:

ದಯವಿಟ್ಟು ಕಪಾಲಭಾತಿ, ಭಸ್ತ್ರಿಕಾ ಬೇಡ. ಬೇಗ ಬೇಗ ಉಸಿರಾಡಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ ಅಂತ ಮೇಲೆ ಬರೆದೆ, ಇವು ಅದನ್ನೇ ಹೆಚ್ಚಿಸಬಹುದು. ಉಸಿರು ಬಿಗಿಹಿಡಿಯುವ ಕುಂಭಕವೂ ಬೇಡ. ನಿಧಾನವಾಗಿ ಉಸಿರು ಬಿಡುವ ಅಭ್ಯಾಸ, ಭ್ರಾಮರಿಯಂಥದ್ದು, ಕುರ್ಚಿಯಲ್ಲಿ ಕೂತು ಮಾಡುವ ಸರಳ ಆಸನ ಒಳ್ಳೆಯದೇ. ದೆಹಲಿಯ ಏಮ್ಸ್‌ನವರು 60 ರೋಗಿಗಳಲ್ಲಿ 12 ವಾರ ಹೋಲಿಸಿ, ಯೋಗದಿಂದಲೂ ರಿಹ್ಯಾಬ್‌ನಷ್ಟೇ ಲಾಭ ಕಂಡಿತು ಅಂತ 2017ರಲ್ಲಿ ಹೇಳಿದ್ದಾರೆ. ಸಣ್ಣ ಅಧ್ಯಯನ, ಆದರೂ ಖುಷಿಯ ವಿಷಯ. ಆದರೆ ಅದು ಕಲಿತವರು ಎದುರಿಗೆ ನಿಂತು ಮಾಡಿಸಿದ ಯೋಗ. ಕೂತು ಮಾಡುವ ಪ್ರಾಣಾಯಾಮ ಒಂದರಿಂದಲೇ ತೊಡೆಗೆ ಶಕ್ತಿ ಬರುವುದಿಲ್ಲ. ಮಾವನಿಗೆ ಎರಡೂ ಇರಲಿ.

ದಾವಣಗೆರೆ ಮಗಳು (ಮೂರು ವಾರದ ನಂತರ):

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಈ ಮಾತುಗಳನ್ನೆಲ್ಲ ಓದಿ ಹೇಳಿದೆ. ಮೈಸೂರಿನವರ ಹಾಲಿನ ಚೀಲದ ಕಥೆಯನ್ನು ಎರಡು ಸಲ ಓದಿಸಿದರು.

ಡಾಕ್ಟರು ಹೃದಯದ ಪರೀಕ್ಷೆ ಮಾಡಿಸಿದರು, ತೊಂದರೆಯಿಲ್ಲ. ನಡೆಸಿ ನೋಡಿದಾಗ 96ರಿಂದ 91ಕ್ಕೆ ಇಳಿಯಿತು, ಅಷ್ಟೇ. ಆರು ನಿಮಿಷಕ್ಕೆ 150 ಮೀಟರ್. ಪಂಪು ಎಳೆಯುವುದನ್ನು ತೋರಿಸಿ ಅಂದರು. ಒತ್ತುವಾಗಲೇ ಎಳೆಯಬೇಕಿತ್ತು, ಅಪ್ಪ ನಾಲ್ಕು ವರ್ಷದಿಂದ ಒತ್ತಿದ ಮೇಲೆ ಉಸಿರು ಎಳೆಯುತ್ತಿದ್ದರು! ಈಗ ಪಂಪಿಗೊಂದು ಸ್ಪೇಸರ್ (ಔಷಧಿ ಹಿಡಿದಿಟ್ಟು ನಿಧಾನವಾಗಿ ಎಳೆದುಕೊಳ್ಳಲು ಬಿಡುವ ಡಬ್ಬಿ) ಹಾಕಿಕೊಟ್ಟಿದ್ದಾರೆ.

ಮೊದಲ ವಾರ ಬಹಳ ಕಷ್ಟವಾಯಿತು. ಅಪ್ಪ ಕುರ್ಚಿಯಿಂದ ಎದ್ದು ಮೂರನೇ ಸಲಕ್ಕೇ ಬೈದರು, ‘ಸಾಯಿಸ್ತೀಯಾ ನನ್ನ’ ಅಂತ. ಅಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಆಕ್ಸಿಮೀಟರ್ ತೋರಿಸಿದೆ, 92. ‘ಅಪ್ಪಾ, ದಮ್ಮು ಎಷ್ಟು, ಹತ್ತರಲ್ಲಿ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಐದು’ ಅಂದರು. ‘ಮೊನ್ನೆ ಬಚ್ಚಲಿಂದ ಬಂದಾಗ?’ ‘ಎಂಟು.’ ಊದುತ್ತಾ ಕೂತರು. ಎರಡು ನಿಮಿಷಕ್ಕೆ ಇಳಿಯಿತು. ಇಳಿಯುತ್ತದೆ ಅಂತ ಅವರಿಗೇ ಗೊತ್ತಾದ ಮೇಲೆ ಬೈಗುಳ ನಿಂತಿತು.

ಒಂದು ಪ್ರಶ್ನೆ. ತೂಕ 44 ಕೆಜಿ ಮಾತ್ರ ಇದೆ. ಊಟ ಮಾಡಿದರೂ ದಮ್ಮು ಅಂತಾರೆ.

ಧಾರವಾಡ ಫಿಜಿಯೋ:

ಹೊಟ್ಟೆ ತುಂಬಿದರೆ ವಪೆ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗ ಸಿಗುವುದಿಲ್ಲ, ಅದಕ್ಕೇ ದಮ್ಮು. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಮಾಡಿಸಿ. ಮೊಟ್ಟೆ, ಮೊಸರು, ಹೆಸರುಕಾಳು, ಕಡಲೆಬೀಜ ಜಾಸ್ತಿ ಇರಲಿ. ಬರೀ ಗಂಜಿ ಕೊಟ್ಟು ವ್ಯಾಯಾಮ ಮಾಡಿಸಿದರೆ ಇರುವ ಸ್ನಾಯುವೂ ಕರಗುತ್ತದೆ. ಊಟವಾದ ಮೇಲೆ ಒಂದು ಗಂಟೆಯಾದರೂ ಬಿಟ್ಟು ನಡೆಸಿ. 44 ಕೆಜಿ ತುಂಬಾ ಕಡಿಮೆ, ಇದನ್ನು ಡಾಕ್ಟರಿಗೂ ಹೇಳಿ.

ದಾವಣಗೆರೆ ಮಗಳು (ಹನ್ನೊಂದು ವಾರದ ನಂತರ):

ಬರೆಯಲು ತಡವಾಯಿತು. ಏಳನೇ ವಾರದ ಹೊತ್ತಿಗೆ ಅಪ್ಪ ಬೀದಿ ತುದಿಯ ಕಿರಾಣಿ ಅಂಗಡಿವರೆಗೆ ಹೋಗಿ ಬರುತ್ತಿದ್ದರು. ಅಂಗಡಿಯವರು ಅವರಿಗೆ ಅಂತಲೇ ಒಂದು ಸ್ಟೂಲ್ ಹಾಕಿದ್ದರು. ಅಷ್ಟರಲ್ಲಿ ಮಳೆ ಶುರುವಾಯಿತು, ನೆಗಡಿ ಎದೆಗೆ ಇಳಿಯಿತು, ಕಫ ಹಳದಿಯಾಯಿತು. ಈ ಸಲ ಎರಡನೇ ದಿನವೇ ಡಾಕ್ಟರ ಹತ್ತಿರ ಓಡಿದೆವು. ಮಾತ್ರೆಯಲ್ಲೇ ಇಳಿಯಿತು, ಆಸ್ಪತ್ರೆ ಸೇರಬೇಕಾಗಲಿಲ್ಲ. ಆದರೆ ಹನ್ನೆರಡು ದಿನ ವ್ಯಾಯಾಮ ತಪ್ಪಿತು. ಈಗ ಅಂಗಡಿವರೆಗೆ ಆಗುತ್ತಿಲ್ಲ, ಅರ್ಧಕ್ಕೇ ನಿಲ್ಲುತ್ತಾರೆ. ಮಾಡಿದ್ದೆಲ್ಲ ಹೋಯಿತು ಅಂತ ಅಪ್ಪ ಕುರ್ಚಿ ಹಿಡಿದು ಕೂತಿದ್ದಾರೆ. ಏನು ಹೇಳಲಿ?

ಮೆಟ್ಟಿಲು ಎಣಿಸಿದವ (ಮೈಸೂರು):

ನನಗೆ ಹೀಗೆ ಮೂರು ಸಲ ಆಗಿದೆ ತಾಯಿ. ಮೊದಲ ಸಲ ನಾನೂ ಕುರ್ಚಿ ಹಿಡಿದು ಎರಡು ತಿಂಗಳು ಕಳೆದುಕೊಂಡೆ. ಎರಡನೇ ಸಲ ಜ್ವರ ಬಿಟ್ಟ ಮಾರನೇ ದಿನವೇ ಮಂಚದ ಅಂಚಿನಲ್ಲಿ ಕೂತು ಕಾಲು ಚಾಚುವುದರಿಂದ ಶುರು ಮಾಡಿದೆ, ಮೂರು ವಾರದಲ್ಲಿ ಹಳೇ ಜಾಗಕ್ಕೆ ಬಂದೆ. ಅಪ್ಪನಿಗೆ ಫೋನ್ ಕೊಡಿ ಅಂದರೆ ನಾನೇ ಮಾತಾಡುತ್ತೇನೆ. ಇಲ್ಲಿ ನಂಬರ್ ಹಾಕಬೇಡಿ, ಬೇರೆಯಾಗಿ ಸಂದೇಶ ಕಳಿಸಿ.

ಧಾರವಾಡ ಫಿಜಿಯೋ:

ಹೋಗಿಲ್ಲ, ಹಿಂದೆ ಸರಿದಿದೆ ಅಷ್ಟೇ. ಕಾಯಿಲೆ ಕೆರಳಿದಾಗ ಸ್ನಾಯು ಬೇಗ ಸೊರಗುತ್ತದೆ, ಎಲ್ಲರಿಗೂ ಹೀಗೇ. ಕೊನೆಗೆ ಎಷ್ಟು ಮಾಡುತ್ತಿದ್ದರೋ ಅದರ ಅರ್ಧದಿಂದ ಶುರು ಮಾಡಿ. ಹತ್ತು ಸಲ ಏಳುತ್ತಿದ್ದರೆ ಐದು. ಅಂಗಡಿಯ ಅರ್ಧ ದಾರಿ ಈಗಲೇ ಆಗುತ್ತಿದೆ ಅಂದಿರಲ್ಲ, ಅದೇ ಸಾಕು. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಹೆಚ್ಚಿಸಿ. ಮಳೆಯಿದ್ದರೆ ಹಾಲ್‌ನಲ್ಲೇ ಸುತ್ತು. ಚಳಿಗಾಲದಲ್ಲಿ ಮುಂಜಾನೆ ಮಂಜು, ಹೊಗೆ ಇರುವಾಗ ಬೇಡ, ಬಿಸಿಲು ಬಂದ ಮೇಲೆ ಹೊರಡಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿದ್ದೀರಾ ಅಂತ ಡಾಕ್ಟರನ್ನು ಕೇಳಿ.

ದಾವಣಗೆರೆ ಮಗಳು:

ಲಸಿಕೆ ಹಾಕಿಸಿಲ್ಲ, ಸೋಮವಾರ ಹೋಗುತ್ತೇವೆ. ಮೈಸೂರಿನ ಅಂಕಲ್ ಜೊತೆ ಅಪ್ಪ ನಿನ್ನೆ ನಲವತ್ತು ನಿಮಿಷ ಮಾತಾಡಿದರು. ಇವತ್ತು ಬೆಳಿಗ್ಗೆ ಕುರ್ಚಿಯಿಂದ ಆರು ಸಲ ಎದ್ದರು. ಐದು ಸಾಕು ಅಂದೆ, ಕೇಳಲಿಲ್ಲ.

ತುಮಕೂರಿನಿಂದ:

ನಾನೂ ಹೇಳುವುದಿತ್ತು. ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿ ‘ನಡೆಸಿ ನೋಡಿ’ ಅಂತ ಕೇಳಿದೆ. ನಡೆಸಿದಾಗ 82ಕ್ಕೆ ಇಳಿಯಿತು. ಈಗ ನಡೆಯುವಾಗ ಹಾಕಿಕೊಳ್ಳಲು ಸಣ್ಣ ಸಿಲಿಂಡರ್ ಬರೆದುಕೊಟ್ಟಿದ್ದಾರೆ. ವಾರಕ್ಕೆರಡು ದಿನ ಫಿಜಿಯೋ ಎದುರಿಗೇ ಅಭ್ಯಾಸ. ಮೊನ್ನೆ ಅಂಗಳಕ್ಕೆ ಇಳಿದು ತುಳಸಿಕಟ್ಟೆ ಸುತ್ತು ಹಾಕಿದರು, ನಾನು ಸಿಲಿಂಡರ್ ಹಿಡಿದು ಹಿಂದೆ ನಡೆದೆ. ಮೂರು ಸುತ್ತಾಯಿತು. ಮಧ್ಯದಲ್ಲಿ ಮೆಷಿನ್ ನೋಡಿದೆ, 93 ಇತ್ತು.